ಜಾತ್ರೆಯ ಗಾಡಿಯೂ ಬೇಡದ ಸಾಮಾನುಗಳೂ

ಪುಷ್ಯ ಮಾಘ ಮಾಸಗಳು ಸಮೀಪಿಸಿದವೆಂದರೆ ರಬಕವಿ, ಬನಹಟ್ಟಿ, ಜಮಖಂಡಿ, ಮುಧೋಳ, ಬೀಳಗಿ ಈ ಸೀಮೆಯ ಮನೆಮನೆಗಳಲ್ಲಿ ಯಾತ್ರೆಯ ಮಾತು ಏಳುವುದು. ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ, ಭಾರತ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡ, ಅದೇ ಸುಮಾರಿಗೆ ರಾಯಬಾಗ ತಾಲೂಕಿನ ಚಿಂಚಲಿಯ ಮಾಯಕ್ಕ. ಇವುಗಳಲ್ಲಿ ಯಾವುದಾದರೊಂದಕ್ಕೆ ಹೋಗಿ ಬಾರದ ಮನೆತನವು ನಮ್ಮ ಕಡೆಗೆ ವಿರಳವೆಂದೇ ಹೇಳಬಹುದು. ಹೋಗುವುದೆಂದರೆ ಬರಿಯ ದರ್ಶನವಲ್ಲ. ಎರಡು ಮೂರು ದಿವಸ ಬಯಲಿನಲ್ಲಿ ಬೀಡುಬಿಟ್ಟು, ಒಲೆ ಹೂಡಿ, ಹೋಳಿಗೆ ಬೇಯಿಸಿ, ಪಡ್ಡಲಿಗೆ ತುಂಬಿ, ಗಾಡಿಯ ನೆರಳಿನಲ್ಲಿಯೇ ಮಲಗಿ ಎದ್ದು ಬರುವುದು. ಆದುದರಿಂದ ಜಾತ್ರೆಗೆ ಹೊರಟ ಗಾಡಿಯು ಆ ಕೆಲವು ದಿವಸಗಳ ಮಟ್ಟಿಗೆ ಒಂದು ಮನೆಯೇ ಸರಿ. ಈ ಸಂಚಾರಿ ಮನೆಗೆ ಯಾವ ಸಾಮಾನು ಬೇಕು, ಯಾವುದು ಬೇಡ, ಯಾವುದನ್ನು ಕೊಂಡವರು ಹಿಂದಿನಿಂದ ಮರುಗುವರು ಎಂಬುದನ್ನು ಈ ಸಲ ವಾಚಕರೊಡನೆ ವಿಚಾರಿಸಬೇಕೆಂದಿದ್ದೇವೆ.

ಮೊದಲು ನಮ್ಮ ಹಿರಿಯರ ಚಕ್ಕಡಿಯನ್ನು ನೆನೆಯೋಣ. ಬಂಡಿಗೆ ಬಿದಿರಿನ ಕಮಾನು ಕಟ್ಟಿ ಮೇಲೆ ತಟ್ಟಿಯನ್ನೋ ಕಂಬಳಿಯನ್ನೋ ಹೊದಿಸುತ್ತಿದ್ದರು. ಕೆಳಗೆ ದಪ್ಪನಾಗಿ ಜೋಳದ ಕಣಿಕೆ ಹಾಸಿ, ಅದರ ಮೇಲೆ ಅಜ್ಜಿ ಹೊಲಿದ ಕೌದಿ ಹಾಸುತ್ತಿದ್ದರು. ಕಣಿಕೆಯು ಕುಳಿತವರಿಗೆ ಮೆತ್ತೆಯೂ ಹೌದು, ದಾರಿಯಲ್ಲಿ ಎತ್ತುಗಳಿಗೆ ಮೇವೂ ಹೌದು. ಯಾತ್ರೆ ಮುಗಿಯುವಷ್ಟರಲ್ಲಿ ಅದು ತಾನಾಗಿ ತೀರಿ ಬಂಡಿ ಹಗುರಾಗುತ್ತಿತ್ತು. ಕೌದಿಯು ಹಗಲು ಹಾಸಿಗೆ, ರಾತ್ರಿ ಹೊದಿಕೆ, ಬಿಸಿಲೇರಿದರೆ ಮರೆ. ನೀರು ಸೇದುವ ಹಗ್ಗವೇ ಸಾಮಾನು ಬಿಗಿಯುವ ಹಗ್ಗ. ಕಟಕ ರೊಟ್ಟಿ, ಶೇಂಗಾದ ಹಿಂಡಿ, ಗುರೆಳ್ಳಿನ ಹಿಂಡಿ, ಮಾದಲಿ ಇವು ಕೆಡದಂಥ ಬುತ್ತಿ. ಹೀಗೆ ಆ ಗಾಡಿಯಲ್ಲಿ ಏರಿದ ಒಂದೊಂದು ವಸ್ತುವೂ ಎರಡೆರಡು ಕೆಲಸ ಮಾಡುತ್ತಿತ್ತು. ಎತ್ತಿನ ಹೆಗಲಿಗೆ ಭಾರವಾಗುವುದೆಂಬ ಅರಿವಿದ್ದುದರಿಂದ, ಒಂದೇ ಒಂದು ಕೆಲಸದ ವಸ್ತುವನ್ನು ಏರಿಸುವ ಮುನ್ನ ಮನೆಯ ಯಜಮಾನನು ಎರಡು ಸಲ ಯೋಚಿಸುತ್ತಿದ್ದನು.

ಈಗ ಎತ್ತಿನ ಬಂಡಿಗಳು ಪೂರ್ತಿಯಾಗಿ ಹೋಗಿಲ್ಲವಾದರೂ, ಬಹಳ ಮಂದಿ ಹೊರಡುವುದು ಟ್ರ್ಯಾಕ್ಟರಿಗೆ ಕಟ್ಟಿದ ಟ್ರೇಲರಿನಲ್ಲಿ. ಕಬ್ಬಿನ ಸೀಮೆಯಾದ ಇಲ್ಲಿ ಊರೂರಿಗೂ ಅದು ಉಂಟು. ಯಂತ್ರಕ್ಕೆ ಹೆಗಲು ನೋಯುವುದಿಲ್ಲವಾದುದರಿಂದ ಯಜಮಾನನ ಯೋಚನೆಯೂ ಸಡಿಲಾಯಿತು. ಧ್ವನಿವರ್ಧಕದ ಪೆಟ್ಟಿಗೆಗಳು, ಬಣ್ಣದ ದೀಪಮಾಲೆಗಳು, ಹಾಡುವ ಹಾರನ್ನುಗಳು, ಕಬ್ಬಿಣದ ಚಪ್ಪರಗಳು, ನೀರಿನ ಟಾಕಿಗಳು, ಮಡಿಸುವ ಮಂಚಗಳು ಒಂದರ ಹಿಂದೊಂದು ಗಾಡಿಯನ್ನೇರತೊಡಗಿದವು. ಇವುಗಳಲ್ಲಿ ಮುಖ್ಯವಾದವನ್ನು ಒಂದೊಂದಾಗಿ ಪರೀಕ್ಷಿಸೋಣ.

ಧ್ವನಿವರ್ಧಕವೇ ಮೊದಲನೆಯದು, ಏಕೆಂದರೆ ಹಣ ಹೆಚ್ಚಾಗಿ ಹೋಗುವುದೂ ಇದಕ್ಕೇ. ಟ್ರ್ಯಾಕ್ಟರಿನ ಬ್ಯಾಟರಿಯು ೧೨ ವೋಲ್ಟಿನದು. ಅದರ ಸಂಗ್ರಹವು ಸಾಮಾನ್ಯವಾಗಿ ೭೫ರಿಂದ ೯೦ ಆಂಪಿಯರ್-ಗಂಟೆ. ೨೦೦ ವ್ಯಾಟು ಎಳೆಯುವ ಪೆಟ್ಟಿಗೆಯನ್ನು ಅದಕ್ಕೆ ಹಚ್ಚಿದರೆ ಸುಮಾರು ೧೭ ಆಂಪಿಯರ್ ಹರಿಯುವುದು. ಲೆಕ್ಕ ಹಾಕಿ ನೋಡಿರಿ: ೭೫ನ್ನು ೧೭ರಿಂದ ಭಾಗಿಸಿದರೆ ನಾಲ್ಕೂವರೆ ಗಂಟೆಯೂ ಆಗಲಿಲ್ಲ; ಬ್ಯಾಟರಿ ಪೂರ್ತಿ ಬರಿದಾಗುವ ಮೊದಲೇ ಯಂತ್ರವನ್ನು ಚಾಲೂ ಮಾಡುವಷ್ಟು ಕಸುವು ಉಳಿಯದು. ಅಂದರೆ ಬೀಡಿನಲ್ಲಿ ಯಂತ್ರ ನಿಲ್ಲಿಸಿ ರಾತ್ರಿ ಎರಡು ಮೂರು ಗಂಟೆ ಹಾಡು ಹಚ್ಚಿದವನು ಬೆಳಿಗ್ಗೆ ನಾಲ್ಕು ಜನರನ್ನು ಕರೆದು ಗಾಡಿ ನೂಕಿಸಬೇಕಾಗುವುದು. ಹೀಗೆ ಪದೇ ಪದೇ ಬರಿದಾದ ಬ್ಯಾಟರಿಯ ಆಯುಷ್ಯವೂ ಕುಂದುವುದು. ಇದಲ್ಲದೆ ಶಬ್ದಮಾಲಿನ್ಯದ ೨೦೦೦ನೆಯ ಇಸವಿಯ ನಿಯಮಗಳಂತೆ ರಾತ್ರಿ ೧೦ರಿಂದ ಬೆಳಿಗ್ಗೆ ೬ರ ವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಚ್ಚುವುದಕ್ಕೆ ನಿರ್ಬಂಧವಿರುವುದು. ಇವೆಲ್ಲಕ್ಕಿಂತ ದೊಡ್ಡ ಹಾನಿ ಬೇರೆಯೇ ಉಂಟು. ಟ್ರೇಲರಿನಲ್ಲಿ ಯಾರಾದರೂ ಜಾರಿ ಬಿದ್ದು ಕೂಗಿದರೆ, ಕಿವಿಗಡಚಿಕ್ಕುವ ಹಾಡಿನ ನಡುವೆ ಮುಂದೆ ಕುಳಿತ ಚಾಲಕನಿಗೆ ಅದು ಕೇಳಿಸುವುದಿಲ್ಲ. ಹಿಂದಿನಿಂದ ಬರುವ ಬಸ್ಸಿನ ಸಪ್ಪಳವೂ ಕೇಳಿಸುವುದಿಲ್ಲ.

ಎರಡನೆಯದು ರಾಗ ಹಾಡುವ ಹಾರನ್ನು. ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ೧೧೯ನೆಯದು ಇಂಥ ಹಲವು ಸ್ವರಗಳ ಹಾರನ್ನನ್ನೂ, ಕರ್ಕಶವಾಗಿ ಬೆಚ್ಚಿಬೀಳಿಸುವ ಯಾವುದೇ ಸಾಧನವನ್ನೂ ಕೂಡದೆಂದು ಹೇಳಿರುವುದು. ಅಂಗಡಿಯಲ್ಲಿ ಮಾರುವರೆಂಬ ಮಾತ್ರಕ್ಕೆ ಹಚ್ಚಿಕೊಳ್ಳುವುದಕ್ಕೆ ಅನುಮತಿಯಿದೆಯೆಂದು ತಿಳಿಯಬಾರದು. ಕೊಂಡದ್ದಕ್ಕೊಂದು ಖರ್ಚು, ಹಿಡಿದಾಗ ದಂಡಕ್ಕೊಂದು ಖರ್ಚು, ಬಿಚ್ಚಿಸುವುದಕ್ಕೆ ಮತ್ತೊಂದು. ಜಾತ್ರೆಯ ಹಾದಿಯಲ್ಲಿ ಎತ್ತಿನ ಬಂಡಿಗಳೂ ಕುರಿಯ ಹಿಂಡುಗಳೂ ಬರಿಗಾಲಿನ ಭಕ್ತರೂ ಇರುವರೆಂಬುದನ್ನು ನೆನೆದರೆ, ಬೆದರಿದ ಒಂದು ಜೋಡಿ ಎತ್ತು ಎಂಥ ಅನಾಹುತ ಮಾಡಬಲ್ಲುದೆಂಬುದನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಮೂರನೆಯದು ಬಣ್ಣದ ದೀಪಗಳು. ಕತ್ತಲೆಯಲ್ಲಿ ಹಿಂದೆ ಬರುವವನು ಕೆಂಪು ಬೆಳಕನ್ನು ಕಂಡು, ಮುಂದೆ ಗಾಡಿಯಿದೆಯೆಂದು ತಿಳಿಯುವನು. ಎದುರಿನಿಂದ ಬರುವವನು ಬಿಳಿಯ ಬೆಳಕನ್ನು ಕಂಡು, ಗಾಡಿ ತನ್ನ ಕಡೆಗೆ ಬರುತ್ತಿದೆಯೆಂದು ತಿಳಿಯುವನು. ಇದು ರಸ್ತೆಯ ಭಾಷೆ. ಹಸಿರು, ನೀಲಿ, ನೇರಿಳೆ ದೀಪಗಳು ಸುತ್ತಲೂ ಮಿನುಗತೊಡಗಿದರೆ ಈ ಭಾಷೆಯೇ ಕಲಸಿಹೋಗುವುದು. ಮೇಲಾಗಿ, ಇಂಥ ದೀಪಗಳ ತಂತಿಯನ್ನು ಫ್ಯೂಜು ಇಲ್ಲದೆ ನೆಟ್ಟಗೆ ಬ್ಯಾಟರಿಗೆ ಸುತ್ತಿಬಿಡುವ ವಾಡಿಕೆಯುಂಟು. ತಗಡಿನ ಅಂಚಿಗೆ ತಿಕ್ಕಿ ತಂತಿಯ ಸಿಪ್ಪೆ ಹರಿದರೆ ಕಿಡಿ ಏಳುವುದು. ಕೆಳಗೆ ಕಣಿಕೆ, ಮೇಲೆ ಪ್ಲಾಸ್ಟಿಕಿನ ಹೊದಿಕೆ. ಮುಂದಿನದನ್ನು ವಾಚಕರೇ ಊಹಿಸಬಹುದು.

ನಾಲ್ಕನೆಯದು ಬೆಸುಗೆ ಹಾಕಿಸಿದ ಕಬ್ಬಿಣದ ಚಪ್ಪರ. ಇದನ್ನು ಮಾಡಿಸಿದವರಷ್ಟು ಬೇಗನೆ ಮರುಗುವವರು ಮತ್ತಾರೂ ಇಲ್ಲ. ಕಾರಣವು ಸರಳವಾಗಿದೆ. ಬನದ ಹುಣ್ಣಿಮೆಯೂ ಭಾರತ ಹುಣ್ಣಿಮೆಯೂ ಬರುವುದು ಕಬ್ಬು ನುರಿಸುವ ಹಂಗಾಮಿನ ನಟ್ಟನಡುವೆ. ಇಂದು ಜಾತ್ರೆಯಿಂದ ಬಂದ ಟ್ರೇಲರು ನಾಳೆ ಕಬ್ಬು ಹೇರಿಕೊಂಡು ಸಮೀರವಾಡಿಯದೋ ಮುಧೋಳದ್ದೋ ಕಾರಖಾನೆಯ ಸಾಲಿನಲ್ಲಿ ನಿಲ್ಲಬೇಕು. ಬೆಸೆದ ಚಪ್ಪರವಿದ್ದರೆ ಕಬ್ಬು ಹೇರಲಾಗದು. ಕೊಯ್ಯಿಸಿದರೆ ಮಾಡಿಸಿದ ಹಣ ನೀರಿಗೆ ಹಾಕಿದಂತೆ. ಅದೂ ಅಲ್ಲದೆ ಎತ್ತರದಲ್ಲಿ ಕಬ್ಬಿಣದ ಭಾರವೇರಿದಷ್ಟೂ ಗಾಡಿಯು ತಿರುವಿನಲ್ಲಿ ಹೊರಳುವ ಭಯ ಹೆಚ್ಚು. ವಾಹನದ ಮೂಲ ಸ್ವರೂಪವನ್ನು ಮಾಲಕನು ತನ್ನ ಮನಬಂದಂತೆ ಬದಲಿಸಕೂಡದೆಂದು ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮಿನಲ್ಲಿ ಹೇಳಿದ್ದಾರೆ. ಬಿಚ್ಚಿ ಕಟ್ಟಬಹುದಾದ ಬಿದಿರಿನ ನಾಲ್ಕು ಕಮಾನುಗಳೂ ಒಂದು ಒಳ್ಳೆಯ ತಾಡಪತ್ರಿಯೂ ಅದೇ ನೆರಳನ್ನು ಕೊಡುವುವು.

ತಾಡಪತ್ರಿಯ ಮಾತು ಬಂದುದರಿಂದ ಒಂದು ಸೂಚನೆ. ಬಣ್ಣ ನೋಡಿ ಕೊಳ್ಳಬಾರದು. ತೂಕ ಕೇಳಿ ಕೊಳ್ಳಬೇಕು. ಚದರ ಮೀಟರಿಗೆ ಇಷ್ಟು ಗ್ರಾಮು ಎಂಬುದೇ ಅದರ ಗಟ್ಟಿತನದ ಅಳತೆ. ನೂರು ಗ್ರಾಮಿನ ತೆಳು ಹಾಳೆಯು ಒಂದೇ ಹಂಗಾಮಿನ ಬಿಸಿಲು ಗಾಳಿಗೆ ಸೀಳಿಹೋಗಬಹುದು. ಇನ್ನೂರು, ಇನ್ನೂರೈವತ್ತು ಗ್ರಾಮಿನದು ಜಾತ್ರೆಗೂ ಆದೀತು, ರಾಶಿಯ ಮೇಲೆ ಹೊದಿಸಲಿಕ್ಕೂ ಆದೀತು.

ಐದನೆಯದು ನೀರಿನ ಟಾಕಿ. ಬಯಲಿನಲ್ಲಿ ನೀರಿಗೆ ತಾಪತ್ರಯವೆಂದು ೫೦೦ ಲೀಟರಿನ ಟಾಕಿಯನ್ನು ಗಾಡಿಯಲ್ಲಿ ಕೂಡ್ರಿಸುವವರುಂಟು. ಐನೂರು ಲೀಟರು ನೀರೆಂದರೆ ಐನೂರು ಕಿಲೋ ಭಾರ. ಐವತ್ತು ಕಿಲೋದ ಹತ್ತು ಚೀಲ ಜೋಳಕ್ಕೆ ಸಮ. ಆದರೆ ಜೋಳದ ಚೀಲವು ಇಟ್ಟಲ್ಲಿ ಇರುವುದು. ಅರೆ ತುಂಬಿದ ಟಾಕಿಯ ನೀರು ಗಾಡಿ ನಿಂತಾಗ ಮುಂದಕ್ಕೂ ತಿರುಗಿದಾಗ ಬದಿಗೂ ಹೊಯ್ದಾಡುವುದು. ಒಕ್ಕಲುತನದ ಟ್ರೇಲರುಗಳಲ್ಲಿ ಬಹಳಷ್ಟಕ್ಕೆ ತಮ್ಮದೇ ಆದ ಬ್ರೇಕು ಇರುವುದಿಲ್ಲ. ಅದರ ಭಾರವನ್ನೆಲ್ಲ ಮುಂದಿನ ಟ್ರ್ಯಾಕ್ಟರೇ ತಡೆಯಬೇಕು. ಎಲ್ಲಮ್ಮನ ಗುಡ್ಡದಿಂದ ಇಳಿಯುವಾಗ ಹಿಂದಿನ ಭಾರವು ಟ್ರ್ಯಾಕ್ಟರನ್ನು ನೂಕತೊಡಗಿದರೆ ಎಂಥ ನುರಿತ ಚಾಲಕನೂ ಕಂಗೆಡುವನು. ಮುಚ್ಚಳವುಳ್ಳ ಇಪ್ಪತ್ತು ಲೀಟರಿನ ನಾಲ್ಕು ಕ್ಯಾನುಗಳಿದ್ದರೆ ಕುಡಿಯುವುದಕ್ಕೂ ಅಡಿಗೆಗೂ ಸಾಕು. ತೀರಿದಾಗ ಕೈಯಲ್ಲಿ ಹಿಡಿದು ಹೋಗಿ ತುಂಬಿ ತರಬಹುದು.

ಆರನೆಯದು ಗುರುತುಪರಿಚಯವಿಲ್ಲದ ಸಣ್ಣ ಅನಿಲದ ಒಲೆಗಳು. ಎಲ್ಲಿಯೋ ತುಂಬಿಸಿ ಮಾರುವ ಮುದ್ರೆಯಿಲ್ಲದ ಸಿಲಿಂಡರು, ಬಯಲುಗಾಳಿ, ಸುತ್ತಲೂ ಸೀರೆಯ ಸೆರಗು, ಆಡುವ ಮಕ್ಕಳು. ಇವು ಒಂದೆಡೆ ಕೂಡುವುದು ಒಳ್ಳೆಯದಲ್ಲ. ಅನಿಲವೇ ಬೇಕೆಂದರೆ ತೈಲ ಕಂಪನಿಗಳ ಅಧಿಕೃತ ಮಾರಾಟಗಾರರಲ್ಲಿ ೫ ಕಿಲೋದ ಸಿಲಿಂಡರು ದೊರೆಯುವುದು. ಮಡಿಸುವ ಮಂಚಗಳ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ: ಒಂದು ಮಂಚದ ಸ್ಥಳದಲ್ಲಿ ಮೂವರು ಕೌದಿ ಹಾಸಿ ಮಲಗಬಹುದು.

ಇಷ್ಟು ತಿಳಿದಿದ್ದರೂ ಜನರು ಏಕೆ ಕೊಳ್ಳುವರು? ಬೇಕಾಗಿ ಕೊಳ್ಳುವುದಕ್ಕಿಂತ ನೋಡಿ ಕೊಳ್ಳುವುದೇ ಹೆಚ್ಚು. "ಅಪ್ಪಾ, ಅವರ ಗಾಡಿಯೊಳಗ ಅದ, ನಮ್ಮದರೊಳಗ ಯಾಕಿಲ್ಲ?" ಎಂದು ಪ್ರಾಯದ ಮಗನು ಕೇಳಿದಾಗ ತಂದೆಯು, "ಆತು ತಗೋಪಾ, ಕಬ್ಬಿನ ಬಿಲ್ ಬಂದ ಮ್ಯಾಲೆ ಕೊಟ್ಟರಾತು" ಎನ್ನುವನು. ಬಿಲ್ಲು ಬರುವುದು ತಡವಾಗಬಹುದು. ಅಂಗಡಿಯ ಬಾಕಿಯು ತಡೆಯುವುದಿಲ್ಲ. ರಬಕವಿ ಬನಹಟ್ಟಿಯ ನೇಕಾರ ಮನೆತನಗಳು ವಂತಿಗೆ ಕೂಡಿಸಿ ಗಾಡಿ ಗೊತ್ತುಮಾಡಿಕೊಂಡು ಹೋಗುವಲ್ಲಿಯೂ ಇದೇ ಮಾತು. ಮಗ್ಗ ನಿಂತ ದಿನಗಳ ಕೂಲಿ ಮೊದಲೇ ಹೋಗಿರುತ್ತದೆ; ಅದರ ಮೇಲೆ ಶೃಂಗಾರದ ವಂತಿಗೆಯೂ ಬಿದ್ದರೆ, ದೇವಿಯ ಉಡಿ ತುಂಬಲು ತೆಗೆದಿಟ್ಟ ಹಣದಲ್ಲಿಯೇ ಕೊರತೆ ಬರುವುದು. ಮತ್ತು ಇದು ಕೇವಲ ದುಡ್ಡಿನ ಮಾತಲ್ಲ. ಹಾಡಿನ ಪೆಟ್ಟಿಗೆಗೆ ಹಾಕಿದ ಹಣವು ಎಷ್ಟೋ ಸಲ ಸವೆದ ಟಾಯರಿಗೆ ಸಲ್ಲಬೇಕಾದ ಹಣವಾಗಿರುವುದು. ಪೆಟ್ಟಿಗೆಯಿಲ್ಲದೆ ಜಾತ್ರೆ ಆಗುವುದು. ಟಾಯರು ಒಡೆದರೆ ಮನೆಯೇ ಆಪತ್ತಿಗೆ ಗುರಿಯಾಗುವುದು.

ಹಾಗಾದರೆ ಕೊಂಡು ಯಾರೂ ಮರುಗದ ವಸ್ತುಗಳು ಯಾವುವು? ಒಳ್ಳೆಯ ಟಾಯರುಗಳು, ಒಂದು ಹೆಚ್ಚಿನ ಗಾಲಿ, ಅದನ್ನು ಬದಲಿಸುವ ಜ್ಯಾಕು. ಟ್ರೇಲರಿನ ಹಿಂದೆ ಉರಿಯುವ ಎರಡು ಕೆಂಪು ದೀಪ, ಹಾಗೂ ಬೆಳಕು ಬಿದ್ದರೆ ಹೊಳೆಯುವ ಕೆಂಪು ಪಟ್ಟಿ. ಇವು ಅಲಂಕಾರದ ದೀಪಮಾಲೆಗಿಂತ ಬಹಳ ಅಗ್ಗ. ಆದರೆ ಕತ್ತಲೆಯಲ್ಲಿ ಹಿಂದಿನಿಂದ ಬಂದು ಢಿಕ್ಕಿ ಹೊಡೆಯುವ ವಾಹನದಿಂದ ಕಾಯುವುವು ಇವೇ. ಇಳಿಜಾರಿನಲ್ಲಿ ನಿಲ್ಲಿಸಿದಾಗ ಗಾಲಿಗೆ ಕೊಡಲು ಕಟ್ಟಿಗೆಯ ಎರಡು ಅಡ್ಡಗೊರಡು. ಗಟ್ಟಿಯಾದ ಹಗ್ಗ, ಒಂದು ಕೈಬ್ಯಾಟರಿ. ಗಾಯಕ್ಕೆ ಬಟ್ಟೆ ಮುಲಾಮು, ವಾಂತಿಭೇದಿಗೆ ಓಆರ್‌ಎಸ್ ಪುಡಿಯ ಪೊಟ್ಟಣಗಳು, ವೃದ್ಧರು ನಿತ್ಯ ತೆಗೆದುಕೊಳ್ಳುವ ಗುಳಿಗೆಗಳು. ಕೌದಿಯಂತೂ ಮನೆಯಲ್ಲಿಯೇ ಉಂಟು.

ಕಡೆಗೆ ಒಂದು ಮುಖ್ಯ ಸಂಗತಿಯನ್ನು ಹೇಳದೆ ಬಿಟ್ಟರೆ ನಾವು ಕರ್ತವ್ಯಕ್ಕೆ ತಪ್ಪಿದಂತಾಗುವುದು. ಟ್ರ್ಯಾಕ್ಟರಿನ ಟ್ರೇಲರು ಕಾಯಿದೆಯ ದೃಷ್ಟಿಯಲ್ಲಿ ಸರಕಿನ ವಾಹನವೇ ಹೊರತು ಜನರನ್ನು ಒಯ್ಯುವ ವಾಹನವಲ್ಲ. ಅದರಲ್ಲಿ ಕುಳಿತವರಿಗೆ ಅಪಘಾತವಾದರೆ ವಿಮೆಯ ಪರಿಹಾರಕ್ಕೂ ತಕರಾರು ಬರಬಹುದು. ಎಂಥ ಮೆತ್ತೆ, ಎಂಥ ಚಪ್ಪರ ಕೊಂಡರೂ ಈ ಕೊರತೆ ತುಂಬುವುದಿಲ್ಲ. ಜಾತ್ರೆಯ ದಿವಸಗಳಲ್ಲಿ ವಾಯವ್ಯ ಕರ್ನಾಟಕ ಸಾರಿಗೆ ಸಂಸ್ಥೆಯವರು ವಿಶೇಷ ಬಸ್ಸುಗಳನ್ನು ಬಿಡುವರು. ೨೦೨೩ನೆಯ ಜೂನ್ ೧೧ರಂದು ಆರಂಭವಾದ ಶಕ್ತಿ ಯೋಜನೆಯು ರಾಜ್ಯದ ಹೆಣ್ಣುಮಕ್ಕಳಿಗೆ ಸರಕಾರದ ಸಾಮಾನ್ಯ ಬಸ್ಸುಗಳಲ್ಲಿ ಬಿಟ್ಟಿ ಪ್ರಯಾಣದ ಅನುಕೂಲವನ್ನು ಮಾಡಿಕೊಟ್ಟಿತು. ಪಾತ್ರೆ, ಹಾಸಿಗೆ, ಕಟ್ಟಿಗೆ, ತಾಡಪತ್ರಿಗಳು ಟ್ರೇಲರಿನಲ್ಲಿ ಹೋಗಲಿ. ವೃದ್ಧರೂ ಹೆಂಗಸರೂ ಮಕ್ಕಳೂ ಬಸ್ಸಿನಲ್ಲಿ ಬರಲಿ. ಗುಡ್ಡದಲ್ಲಿ ಎಲ್ಲರೂ ಕೂಡಿ ಒಲೆ ಹೂಡಲಿ. ಜಾತ್ರೆಯ ಸಂಭ್ರಮಕ್ಕೆ ಇದರಿಂದ ಕಿಂಚಿತ್ತೂ ಊನ ಬಾರದು.

ಹೊಸ ಸಾಮಾನು ಕೊಳ್ಳುವ ಮುನ್ನ ಗೃಹಸ್ಥರು ಒಂದು ಪದ್ಧತಿಯನ್ನಿಟ್ಟುಕೊಳ್ಳಬೇಕೆಂದು ನಮ್ಮ ಸೂಚನೆ. ಜಾತ್ರೆಯಿಂದ ಮರಳಿದ ಮರುದಿವಸವೇ, ಗಾಡಿಯಿಂದ ಇಳಿಸುವಾಗ ಒಂದು ಹಾಳೆಯಲ್ಲಿ ಎರಡು ಸಾಲು ಬರೆಯಿರಿ: ಒಂದರಲ್ಲಿ ಉಪಯೋಗಕ್ಕೆ ಬಂದುದು, ಇನ್ನೊಂದರಲ್ಲಿ ಒಯ್ದು ಹಾಗೆಯೇ ತಂದುದು. ಈ ಬರವಣಿಗೆಯನ್ನು ಮನೆಯ ಹೆಣ್ಣುಮಕ್ಕಳಿಗೆ ಒಪ್ಪಿಸುವುದು ಉತ್ತಮ. ಬೀಡಿನಲ್ಲಿ ಯಾವುದಕ್ಕೆ ಕೈ ಹಾಕಿದೆವು, ಯಾವುದನ್ನು ಎಡವಿದೆವು ಎಂಬುದು ಅವರಿಗೆ ಗೊತ್ತಿರುವಷ್ಟು ಮತ್ತಾರಿಗೂ ಗೊತ್ತಿರುವುದಿಲ್ಲ. ಆ ಹಾಳೆಯನ್ನು ಮುಂದಿನ ವರ್ಷ ಅಂಗಡಿಗೆ ಹೋಗುವ ಮುನ್ನ ತೆಗೆದು ಓದಿದರೆ, ಎಷ್ಟೋ ಹಣ ಗಂಟಿನಲ್ಲಿಯೇ ಉಳಿದೀತು, ಗಾಡಿಯೂ ಹಗುರಾದೀತು.