ಸಾಮ್ರಾಜ್ಯವಿಲ್ಲದ ಸಾಮ್ರಾಜ್ಞಿ: ವಾನ್‌ರೋಂಗ್

ಮದುವೆಯಾದಾಗ ಆಕೆಗೆ 16 ವರ್ಷ. ನಮ್ಮಲ್ಲಿ ಪ್ರಥಮ ಪಿಯುಸಿಗೆ ಸೇರುವ ವಯಸ್ಸು. ವರನಿಗೂ ಅಷ್ಟೇ ವಯಸ್ಸು. ಆತ ಪುಯಿ, ಚೀನಾದ ಚಿಂಗ್ ವಂಶದ ಕೊನೆಯ ಚಕ್ರವರ್ತಿ. ಆಕೆ ವಾನ್‌ರೋಂಗ್. 1922ರಲ್ಲಿ ಬೀಜಿಂಗ್‌ನ ಅರಮನೆಯಲ್ಲಿ ಈ ಮದುವೆ ಅದ್ದೂರಿಯಾಗಿ ನಡೆಯಿತು. ಆದರೆ ಅಷ್ಟರಲ್ಲಿ ಸಾಮ್ರಾಜ್ಯವೇ ಉಳಿದಿರಲಿಲ್ಲ!

1644ರಿಂದ ಚೀನಾವನ್ನು ಆಳಿದ ಚಿಂಗ್ ವಂಶ, 1912ರ ಫೆಬ್ರವರಿಯಲ್ಲಿ ಅಧಿಕಾರ ಬಿಟ್ಟುಕೊಟ್ಟಿತ್ತು. ಆಗ ಪುಯಿ ಆರು ವರ್ಷದ ಬಾಲಕ. ಹೊಸ ಗಣರಾಜ್ಯ ಸರ್ಕಾರವು ಅವನಿಗೆ ಬಿರುದನ್ನೂ ‘ನಿಷೇಧಿತ ನಗರ’ ಎಂಬ ಅರಮನೆಯಲ್ಲಿ ವಾಸವನ್ನೂ ಉಳಿಸಿಕೊಟ್ಟಿತ್ತು. ಗೋಡೆಯ ಒಳಗೆ ಆತ ಚಕ್ರವರ್ತಿ, ಹೊರಗೆ ಏನೂ ಅಲ್ಲ.

ವಾನ್‌ರೋಂಗ್ 1906ರಲ್ಲಿ ಶ್ರೀಮಂತ ಮನೆತನದಲ್ಲಿ ಹುಟ್ಟಿದವಳು. ತಿಯಾನ್‌ಜಿನ್ ನಗರದಲ್ಲಿ ಬೆಳೆದು ಇಂಗ್ಲಿಷ್ ಮತ್ತು ಪಿಯಾನೊ ಕಲಿತಿದ್ದಳು. ಆಕೆಯ ಆಯ್ಕೆ ನಡೆದದ್ದು ಫೋಟೊ ನೋಡಿ. ಪುಯಿ ಮೊದಲು ಗುರುತು ಹಾಕಿದ್ದು ವೆನ್‌ಶಿಯು ಎಂಬ ಇನ್ನೊಬ್ಬ ಹುಡುಗಿಯ ಫೋಟೊಗೆ. ಅರಮನೆಯ ಹಿರಿಯ ರಾಣಿಯರ ಒತ್ತಾಯಕ್ಕೆ ವಾನ್‌ರೋಂಗ್ ಪಟ್ಟದ ರಾಣಿಯಾದಳು, ವೆನ್‌ಶಿಯು ಎರಡನೆಯ ರಾಣಿ. ವಾನ್‌ರೋಂಗ್‌ಳ ಇಷ್ಟವೇನೆಂದು ಯಾರೂ ಕೇಳಲಿಲ್ಲ.

1924ರ ನವೆಂಬರ್ 5ರಂದು ಸೇನಾನಾಯಕ ಫೆಂಗ್ ಯೂಶಿಯಾಂಗ್‌ನ ಸೈನಿಕರು ಪುಯಿಯ ಪರಿವಾರವನ್ನು ಅರಮನೆಯಿಂದ ಹೊರಹಾಕಿದರು. ಮುಂದೆ ಅವರು ತಿಯಾನ್‌ಜಿನ್‌ನಲ್ಲಿ ಜಪಾನೀಯರ ವಶದಲ್ಲಿದ್ದ ಬಡಾವಣೆಯಲ್ಲಿ ನೆಲೆಸಿದರು. 1931ರಲ್ಲಿ ವೆನ್‌ಶಿಯು ಧೈರ್ಯ ಮಾಡಿ ವಿಚ್ಛೇದನ ಪಡೆದಳು. ವಾನ್‌ರೋಂಗ್ ಉಳಿದುಕೊಂಡಳು.

ಅದೇ ವರ್ಷ ಜಪಾನ್ ಮಂಚೂರಿಯಾವನ್ನು ಆಕ್ರಮಿಸಿ, ಮರುವರ್ಷ ‘ಮಂಚುಕುವೊ’ ಎಂಬ ರಾಜ್ಯ ಕಟ್ಟಿತು. ಪುಯಿ ಅದರ ಮುಖ್ಯಸ್ಥನಾದ. 1934ರಲ್ಲಿ ಚಕ್ರವರ್ತಿ ಎಂಬ ಹೆಸರೂ ಸಿಕ್ಕಿತು. ಆದರೆ ಸೂತ್ರವೆಲ್ಲ ಜಪಾನೀ ಸೇನೆಯ ಕೈಯಲ್ಲಿತ್ತು. ವಾನ್‌ರೋಂಗ್‌ಗೆ ಇದು ಬೇಗನೆ ಅರ್ಥವಾಯಿತು. 1932ರಲ್ಲಿ ಲೀಗ್ ಆಫ್ ನೇಷನ್ಸ್‌ನ ಲಿಟನ್ ಆಯೋಗ ಅಲ್ಲಿಗೆ ಬಂದಾಗ, ಅದರ ಜೊತೆಗಿದ್ದ ಚೀನೀ ಪ್ರತಿನಿಧಿ ವೆಲಿಂಗ್ಟನ್ ಕೂ ಅವರಿಗೆ ಆಕೆ ಗುಟ್ಟಾಗಿ ಒಬ್ಬನನ್ನು ಕಳುಹಿಸಿ, ತಪ್ಪಿಸಿಕೊಳ್ಳಲು ನೆರವಾಗುವಂತೆ ಕೇಳಿಕೊಂಡಳು. ಅವರಿಂದ ಏನೂ ಮಾಡಲಾಗಲಿಲ್ಲ.

ಆ ಬಾಗಿಲೂ ಮುಚ್ಚಿದ ಮೇಲೆ ಆಕೆಗೆ ಜೊತೆಯಾದದ್ದು ಅಫೀಮು. ಗಂಡ ದೂರವಾದ. ಹುಟ್ಟಿದ ಒಂದು ಮಗುವೂ ಉಳಿಯಲಿಲ್ಲ. ಮನಸ್ಸು ಕದಡಿ, ದೇಹ ಸೊರಗಿತು. ತನ್ನನ್ನು ಈ ಸ್ಥಿತಿಗೆ ತಂದ ತಂದೆಯನ್ನು ಆಕೆ ಶಪಿಸುತ್ತಿದ್ದಳೆಂದು ಪುಯಿ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಚಕ್ರವರ್ತಿಯ ಮಾವನೆನಿಸಿಕೊಳ್ಳುವ ಆಸೆಗೆ ತಂದೆ ಮಗಳ ಬಾಳನ್ನೇ ತೆತ್ತಿದ್ದ.

1945ರ ಆಗಸ್ಟ್‌ನಲ್ಲಿ ಸೋವಿಯತ್ ಸೇನೆ ಮಂಚೂರಿಯಾಕ್ಕೆ ನುಗ್ಗಿತು. ಪುಯಿ ಹೆಂಡತಿಯನ್ನು ಬಿಟ್ಟು ವಿಮಾನ ಹತ್ತಿದ, ದಾರಿಯಲ್ಲಿ ಸೆರೆಯಾದ. ವಾನ್‌ರೋಂಗ್ ಚೀನೀ ಕಮ್ಯುನಿಸ್ಟ್ ಪಡೆಗಳ ಕೈಗೆ ಸಿಕ್ಕಿ ಊರಿಂದ ಊರಿಗೆ, ಸೆರೆಮನೆಯಿಂದ ಸೆರೆಮನೆಗೆ ಸಾಗಿಸಲ್ಪಟ್ಟಳು. ಅಫೀಮು ಸಿಗದೆ ನರಳಿದಳು. 1946ರ ಜೂನ್‌ನಲ್ಲಿ ಯಾನ್‌ಜಿ ಎಂಬ ಊರಿನಲ್ಲಿ ಕೊನೆಯುಸಿರೆಳೆದಳು. ಆಗ ಆಕೆಗೆ 39 ವರ್ಷ. ಹತ್ತಿರ ತನ್ನವರೆಂಬವರು ಯಾರೂ ಇರಲಿಲ್ಲ. ಹೂತ ಜಾಗವೂ ಗೊತ್ತಿಲ್ಲ. 2006ರಲ್ಲಿ ಆಕೆಯ ತಮ್ಮನ ಸಮ್ಮತಿಯೊಂದಿಗೆ ಚಿಂಗ್ ವಂಶದ ಸಮಾಧಿ ಪ್ರದೇಶದಲ್ಲಿ ದೇಹವಿಲ್ಲದ ಒಂದು ಸಮಾಧಿ ಮಾಡಲಾಯಿತು.

ಪುಯಿಗೆ ಎರಡನೆಯ ಬದುಕು ಸಿಕ್ಕಿತು. 1959ರಲ್ಲಿ ಬಿಡುಗಡೆಯಾಗಿ, ಸಸ್ಯೋದ್ಯಾನದಲ್ಲಿ ಕೆಲಸ ಮಾಡಿ, ಆತ್ಮಕಥೆ ಬರೆದು 1967ರಲ್ಲಿ ತೀರಿಕೊಂಡ. ವಾನ್‌ರೋಂಗ್‌ಳ ಕಥೆಯನ್ನು ನಾವು ತಿಳಿದದ್ದು ಬಹುಪಾಲು ಇತರರ ಬರಹದಿಂದ.

ಆಕೆಗೆ ಓದಿತ್ತು, ಸಂಪತ್ತಿತ್ತು, ಕಿರೀಟವೂ ಇತ್ತು. ಇಲ್ಲದಿದ್ದದ್ದು ‘ಬೇಡ’ ಎನ್ನುವ ಹಕ್ಕು. ಮಗಳ ಮದುವೆ ಯಾರ ನಿರ್ಧಾರ ಎಂಬ ಪ್ರಶ್ನೆ ಅರಮನೆಗಳಿಗೆ ಮಾತ್ರ ಸೇರಿದ್ದಲ್ಲ. ಚರಿತ್ರೆಯ ಪುಸ್ತಕ ಮುಚ್ಚುವ ಮೊದಲು ನಾವೂ ಅದನ್ನು ನಮ್ಮ ಮನೆಗಳಲ್ಲಿ ಒಮ್ಮೆ ಕೇಳಿಕೊಳ್ಳಬೇಕು.