ಕಲ್ಲಹಳ್ಳಿಯ ಅರಸುಗಳು

ಪಿರಿಯಾಪಟ್ಟಣದ ಬಳಿಯ ಕಂಪಲಾಪುರದ ಆಸುಪಾಸಿನಲ್ಲಿ ಹೆಸರಿಗೆ ಮನೆತನದ ಹೆಸರು ಅಂಟಿಸಿಕೊಳ್ಳುವವರು ಕಡಿಮೆ. ಊರಿನದೊಂದು ಅಕ್ಷರ, ಅಪ್ಪನದೊಂದು ಅಕ್ಷರ, ಆಮೇಲೆ ಹೆಸರು. ಪಹಣಿಯಲ್ಲಾದರೆ 'ಬಿನ್' ಎಂದು ಅಪ್ಪನ ಹೆಸರು. ಇದಕ್ಕೆ ಹೊರತಾದದ್ದು 'ಅರಸು'.

ಈ ಸೀಮೆಗೆ ಆ ಹೆಸರು ಹೊಸದಲ್ಲ. ಈ ಸೀಮೆಯನ್ನಾಳಿದ ಚಂಗಾಳ್ವರ ಕಾಲದಲ್ಲಿ ಕಲ್ಲಹಳ್ಳಿಯ ಪ್ರಭುವಾಗಿದ್ದ ಮೂರನೆಯ ಮಂಗರಸ 16ನೇ ಶತಮಾನದ ಆರಂಭದಲ್ಲೇ 'ಸಮ್ಯಕ್ತ್ವಕೌಮುದಿ'ಯನ್ನೂ ಅಡುಗೆ ಕುರಿತ 'ಸೂಪಶಾಸ್ತ್ರ'ವನ್ನೂ ಬರೆದ. ಪಿರಿಯಾಪಟ್ಟಣ ಮೈಸೂರು ಒಡೆಯರ ಕೈಸೇರಿದ ಮೇಲೆ ಅರಸು ಎಂದರೆ ಅರಮನೆಯ ನೆಂಟರು ಎಂದಾಯಿತು. ಕಳಲೆ, ಬೆಟ್ಟದಕೋಟೆಯಂಥ ಮನೆತನಗಳು ಒಡೆಯರೊಡನೆ ಹೆಣ್ಣು ಕೊಟ್ಟು ತಂದವು. ಸಂತಾನವಿಲ್ಲದಾಗ ಗಂಡುಮಗುವನ್ನೂ ಕೊಟ್ಟವು. 1865ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ದತ್ತುಪುತ್ರರಾದ ಹತ್ತನೆಯ ಚಾಮರಾಜರು ಬೆಟ್ಟದಕೋಟೆಯವರು. 2015ರಲ್ಲಿ ಯದುವೀರ್ ಗೋಪಾಲರಾಜ ಅರಸು ದತ್ತಾಗಿ ಒಡೆಯರಾದರು. 1919ರಿಂದ 1922ರವರೆಗೆ ದಿವಾನರಾಗಿದ್ದ ಕಾಂತರಾಜ ಅರಸು ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಸೋದರಮಾವ, ಅಕ್ಕನ ಗಂಡ ಕೂಡ. ಹೆಣ್ಣುಮಕ್ಕಳಿಗೆ ಮಾತ್ರ ಆಗ ಈ ಹೆಸರು ಇರಲಿಲ್ಲ: ಜಯಲಕ್ಷ್ಮಮ್ಮಣ್ಣಿ, ದೇವೀರಮ್ಮಣ್ಣಿ, ದೊಡ್ಡಮ್ಮಣ್ಣಿ ಎಂದೇ ಅವರನ್ನು ಕರೆದರು. ಮನೆತನದ ಕಥೆಯಲ್ಲಿ ಅರ್ಧ ಭಾಗ ಹೀಗೆ ಮರೆಯಲ್ಲೇ ಉಳಿಯಿತು ಎನ್ನುವುದು ನನಗೆ ಬೇಸರದ ಸಂಗತಿ.

ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿ 20ನೇ ಶತಮಾನದಲ್ಲಿ ಕೊಟ್ಟ ಅರಸುಗಳೇ ಬೇರೆ ತರಹದವರು. ಸುಬ್ರಹ್ಮಣ್ಯರಾಜ ಅರಸು 'ಚದುರಂಗ'ರಾಗಿ 'ಸರ್ವಮಂಗಳಾ', 'ವೈಶಾಖ' ಬರೆದರು. 1982ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪುಸ್ತಕದ ಮೇಲಿದ್ದ ಆ ಕಾವ್ಯನಾಮಕ್ಕೇ ಬಂತು. ಕೆಂಪರಾಜ ಅರಸು ಸಿನಿಮಾಕ್ಕೆ ಹೋಗಿ 'ರಾಜವಿಕ್ರಮ' ತೆಗೆದರು.

ಕೆಂಪರಾಜರ ಅಣ್ಣ ದೇವರಾಜ ಅರಸು 1915ರ ಆಗಸ್ಟ್ 20ರಂದು ಹುಟ್ಟಿದವರು. 1941ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ಆಯ್ಕೆಯಾದರು, 1972ರಲ್ಲಿ ಮುಖ್ಯಮಂತ್ರಿಯಾದರು. ಅವರ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಅಂದಿನಿಂದ ಗೇಣಿಗಿದ್ದ ಭೂಮಿ ಸರ್ಕಾರದ್ದಾಯಿತು. ಉಳುತ್ತಿದ್ದವರು ಫಾರಂ ನಂಬರ್ 7ರಲ್ಲಿ ಡಿಕ್ಲರೇಷನ್ ಹಾಕಿ ತಾಲ್ಲೂಕು ಭೂನ್ಯಾಯಮಂಡಳಿಯ ಮುಂದೆ ನಿಲ್ಲಬೇಕಿತ್ತು. ಅಲ್ಲಿಗೆ ವಕೀಲರು ಬರುವಂತಿರಲಿಲ್ಲ. ಧಣಿಯೂ ಗೇಣಿದಾರನೂ ಎದುರುಬದುರು ನಿಂತು ತಮ್ಮ ಬಾಯಲ್ಲೇ ಹೇಳಬೇಕು. ತಲೆತಲಾಂತರದಿಂದ ಧಣಿಯ ಜಗಲಿಯ ಕೆಳಗೇ ನಿಂತು ಗೇಣಿ ಅಳೆದವನಿಗೆ ಅದೆಷ್ಟು ದೊಡ್ಡ ಮಾತು! ಕಾನೂನಿನ ಇಷ್ಟೊಂದು ಕಲಮುಗಳಲ್ಲಿ ನನಗೆ ಬಹಳ ಹಿಡಿಸಿದ್ದು ಇದೇ. ಅರಸು ಎಂಬ ಹೆಸರು ಅರಮನೆಯ ನಂಟನ್ನು ದಾಟಿ ರೈತರ ಬಾಯಿಗೆ ಬಂದದ್ದು ಈ ಮಂಡಳಿಗಳ ಬಾಗಿಲಲ್ಲಿ. 'ಅರಸು ಕಾಲದಲ್ಲಿ ಆದ ಜಮೀನು' ಎಂದರೆ ಈಗಲೂ ಹಳ್ಳಿಯಲ್ಲಿ ಯಾವ ಅರಸು ಎಂದು ಯಾರೂ ಕೇಳುವುದಿಲ್ಲ.