ಅರವತ್ತು ರೂಪಾಯಿಗೆ ಮೂರು ಸಾವಿರ ವರ್ಷ

ದಿನಕ್ಕೆ ಹದಿನಾರು ಪೈಸೆ ಚಿಲ್ಲರೆ! 2003ರ ಜೂನ್ 1ರಂದು ಜಾರಿಗೆ ಬಂದ ಯಶಸ್ವಿನಿ ವಿಮಾ ಯೋಜನೆ ರೈತನಿಂದ ಕೇಳಿದ್ದು ಅಷ್ಟೇ. ತಿಂಗಳಿಗೆ 5 ರೂಪಾಯಿ, ವರ್ಷಕ್ಕೆ 60. ಬೀಳಗಿ ಸೀಮೆಯ ಅನಗವಾಡಿಯಂಥ ಊರಿನಲ್ಲಿ ಸಹಕಾರಿ ಸಂಘದ ಸದಸ್ಯನಾಗಿದ್ದರೆ ಸಾಕಿತ್ತು. 1,600ಕ್ಕೂ ಹೆಚ್ಚು ಬಗೆಯ ಶಸ್ತ್ರಚಿಕಿತ್ಸೆಗೆ, ವರ್ಷಕ್ಕೆ 2 ಲಕ್ಷ ರೂಪಾಯಿವರೆಗೆ ರಕ್ಷಣೆ.

ಮೊದಲ ವರ್ಷವೇ ಸೇರಿದವರು ಸುಮಾರು 16 ಲಕ್ಷ. ತಲೆಗೆ 60ರಂತೆ 9 ಕೋಟಿ 60 ಲಕ್ಷ ರೂಪಾಯಿ. ಅದನ್ನು 9 ಗ್ರಾಂ ತೂಗುವ ಹಳೆಯ ಐದು ರೂಪಾಯಿ ನಾಣ್ಯಗಳಲ್ಲಿ ಸುರಿದರೆ 172 ಟನ್ನಿಗೂ ಹೆಚ್ಚು, ಅಂದರೆ ತಲಾ 5 ಟನ್ನಿನ 34 ಆನೆಗಳ ತೂಕ. ಮೈಸೂರು ದಸರಾದ ಇಡೀ ಗಜಪಡೆಯೂ ಅಷ್ಟಿರುವುದಿಲ್ಲ!

ಆ 16 ಲಕ್ಷ ಜನರನ್ನು ಸೆಕೆಂಡಿಗೊಬ್ಬರಂತೆ ಊಟ ನಿದ್ದೆ ಬಿಟ್ಟು ಎಣಿಸಿದರೂ 18 ದಿನ ದಾಟುತ್ತದೆ. ಅರ್ಧ ಮೀಟರಿಗೊಬ್ಬರಂತೆ ನಿಲ್ಲಿಸಿದರೆ ಸಾಲಿನ ಉದ್ದ 800 ಕಿಲೋಮೀಟರ್. ಬೀದರಿನಲ್ಲಿ ಶುರುವಾದದ್ದು ಬೆಂಗಳೂರು ದಾಟಿದರೂ ಮುಗಿಯದು.

ವಿಮಾ ಸಂಸ್ಥೆಯೊಂದು ದೊಡ್ಡದಾಗಲು ಎಷ್ಟು ಕಾಲ ಬೇಕು? ಫ್ರಾನ್ಸಿನ ಕ್ಲೋಡ್ ಬೆಬೆಆರ್ 1958ರಲ್ಲಿ ರೂಆಂ ನಗರದ ಸಣ್ಣ ವಿಮಾ ಸಂಸ್ಥೆಯೊಂದಕ್ಕೆ ಸೇರಿ, 1975ರಲ್ಲಿ ಅದರ ಮುಖ್ಯಸ್ಥರಾಗಿ, ಅದನ್ನೇ ಆಕ್ಸಾ ಎಂಬ ದೈತ್ಯನನ್ನಾಗಿ ಬೆಳೆಸಿದವರು. 1996ರಲ್ಲಿ ಯುಎಪಿ ಕಂಪನಿಯನ್ನೂ ಸೇರಿಸಿಕೊಂಡು ಜಗತ್ತಿನ ಅತಿದೊಡ್ಡ ವಿಮಾ ಸಂಸ್ಥೆಗಳ ಸಾಲಿಗೆ ಏರಲು 21 ವರ್ಷ ಹಿಡಿಯಿತು. ಅದೂ ಸಾಮಾನ್ಯ ವೇಗವಲ್ಲ, ಬಿಡಿ. ಆದರೆ ಯಶಸ್ವಿನಿಯ ಹಿಂದಿದ್ದ ಕಿನ್ನಿಗೋಳಿಯ ದೇವಿ ಶೆಟ್ಟಿ ವಿಮೆಯವರೇ ಅಲ್ಲ, ಹೃದಯದ ಶಸ್ತ್ರವೈದ್ಯರು!

ಇನ್ನು ನಿಜವಾಗಿ ತಲೆ ತಿರುಗಿಸುವ ಲೆಕ್ಕ. ವರ್ಷಕ್ಕೆ 60ರಂತೆ ಕೂಡಿಟ್ಟು 2 ಲಕ್ಷ ಮಾಡಲು 3,333 ವರ್ಷ ಬೇಕು. 2003ರಲ್ಲಿ ಆ ಹಣ ಕೈಗೆ ಸಿಗಬೇಕಾದರೆ ಕ್ರಿಸ್ತಪೂರ್ವ 1330ರ ಸುಮಾರಿಗೇ ಕಂತು ಕಟ್ಟಲು ಶುರುಮಾಡಿರಬೇಕಿತ್ತು. ಬುದ್ಧ ಹುಟ್ಟಿರಲಿಲ್ಲ, ಅಶೋಕ ಹುಟ್ಟಿರಲಿಲ್ಲ. ನಮ್ಮ ಬಾಗಲಕೋಟೆ ಜಿಲ್ಲೆಯದೇ ಆದ ಬಾದಾಮಿಯಲ್ಲಿ ಒಂದನೇ ಪುಲಿಕೇಶಿ ಕೋಟೆ ಕಟ್ಟಿಸಿದ್ದು ಕ್ರಿ.ಶ. 543ರಲ್ಲಿ. ಆ ವರ್ಷದಿಂದ ಒಂದು ಕಂತೂ ತಪ್ಪಿಸದೆ ಕಟ್ಟಿದ್ದರೂ 2003ರ ಹೊತ್ತಿಗೆ ಕೂಡುತ್ತಿದ್ದುದು 87,600 ರೂಪಾಯಿ. ಅರ್ಧವೂ ಇಲ್ಲ!

2018ರಲ್ಲಿ ನಿಂತ ಯೋಜನೆ 2022ರಲ್ಲಿ ಮತ್ತೆ ಶುರುವಾಯಿತು. ಆಗ ನಾಲ್ವರ ಗ್ರಾಮೀಣ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ರಕ್ಷಣೆ 5 ಲಕ್ಷದವರೆಗೆ. ಹೀಗೆ ಕಂತಿನ ಲೆಕ್ಕ ಸಾವಿರ ವರ್ಷಕ್ಕೆ ಇಳಿಯಿತು. ನೀವು ಸಹಕಾರಿ ಸಂಘದ ಸದಸ್ಯರಾಗಿದ್ದರೆ, ಈ ವರ್ಷದ ನೋಂದಣಿಗೆ ಕೊನೆಯ ದಿನ ಯಾವುದೆಂದು ಸಂಘದ ಕಾರ್ಯದರ್ಶಿಯನ್ನು ಇಂದೇ ಕೇಳಿ.